ಆರು ಸಾವಿರದ ಚಾಕು

ತಡಸ ಕ್ರಾಸಿನಲ್ಲಿ ಬಸ್ಸಿಳಿದು ಚಹಾ ಕುಡಿಯುತ್ತ ನಿಂತಿದ್ದೆ. ಅಣ್ಣನ ಮಗ ಎಲ್ಲಿದ್ದನೋ, ಬಂದವನೇ ಮೊಬೈಲನ್ನು ನನ್ನ ಮೂಗಿಗೆ ತಾಗುವಂತೆ ಹಿಡಿದ.

"ಕಾಕಾ, ಈ ಎರಡರಾಗ ಯಾವುದು ತಗೊಳ್ಳಲಿ ಹೇಳ್ರಿ."

ಮೊದಲನೆಯದು ಕೆಂಪು ಹಿಡಿಯ, ಬಿಳಿ ಶಿಲುಬೆ ಗುರುತಿನ ಸ್ವಿಸ್ ಚಾಕು, ವಿಕ್ಟೋರಿನಾಕ್ಸ್. ಅಲಗು, ಕತ್ತರಿ, ಗರಗಸ, ಡಬ್ಬಿ ತೆಗೆಯುವ ಕೊಕ್ಕೆ, ಸ್ಕ್ರೂಡ್ರೈವರು, ಎಲ್ಲ ಒಂದೇ ಹಿಡಿಯೊಳಗೆ. ಅವನು ನೋಡಿದ ಅಂಗಡಿಯಲ್ಲಿ ಬೆಲೆ 4,300 ರೂಪಾಯಿ. ಎರಡನೆಯದು ಕಟ್ಟಿಗೆ ಹಿಡಿಯ ಜರ್ಮನ್ ಚಾಕು, ಟೀನಾ. ಅದರಲ್ಲಿ ಇರುವುದು ಒಂದೇ ಒಂದು ನೆಟ್ಟನೆಯ ಅಲಗು. ಬೆಲೆ ಮಾತ್ರ 5,400. ಹೋದ ಸೀಜನ್ನಿನ ಕೂಲಿಯಲ್ಲಿ ಅವನು ತಾಯಿಗೆ ಗೊತ್ತಾಗದ ಹಾಗೆ ಉಳಿಸಿದ್ದು 6,000 ರೂಪಾಯಿ. ಎರಡೂ ಕೊಳ್ಳುವ ಹಾಗಿಲ್ಲ. ಒಂದನ್ನು ಕೊಂಡು ಅದು ಉಪಯೋಗಕ್ಕೆ ಬಾರದಿದ್ದರೆ ಮುಂದಿನ ವರ್ಷದ ತನಕ ಇನ್ನೊಂದರ ಮಾತೇ ಇಲ್ಲ.

"ಒಂದು ಚಾಕೂಗೆ ಐದು ಸಾವಿರ ಏನೋ?" ಎಂದೆ. ಚಹಾದಂಗಡಿಯವ ನನ್ನ ಪರವಾಗಿ ನಕ್ಕ. ಹುಡುಗ ನಗಲಿಲ್ಲ. "ನೀವು ಪೆನ್ನಿಗೆ ಎಷ್ಟು ಕೊಟ್ಟೀರಿ?" ಎಂದು ಕೇಳಿದ. ಆ ಪ್ರಶ್ನೆಗೆ ನಾನು ಈಗಲೂ ಉತ್ತರ ಕೊಟ್ಟಿಲ್ಲ.

ಅವನ ಕೆಲಸ ಮಾವಿನ ಕಸಿ ಕಟ್ಟುವುದು. ನಮ್ಮ ತಡಸ ಶಿಗ್ಗಾಂವಿ ತಾಲ್ಲೂಕಿನದಾದರೂ ಇದರ ಮುಖ ಎರಡು ಕಡೆಗಿದೆ. ಮೂಡಣಕ್ಕೆ ಹೊರಳಿದರೆ ಎರೆ ಹೊಲ, ಹತ್ತಿ, ಮೆಣಸಿನಕಾಯಿ. ಮುಂಡಗೋಡದ ಕಡೆಗೋ ಹಾನಗಲ್ಲಿನ ಕಡೆಗೋ ಹೊರಟರೆ ಬರಬರುತ್ತ ಮಣ್ಣು ಕೆಂಪಾಗುತ್ತದೆ, ಭತ್ತದ ಗದ್ದೆ ಕಾಣುತ್ತದೆ, ಅವುಗಳ ನಡುವೆ ಮಾವಿನ ತೋಪು. ಹೆಚ್ಚಿನವು ಆಪೂಸು. ಆಪೂಸಿನ ಗೊರಟೆ ನೆಟ್ಟರೆ ಹುಟ್ಟುವ ಗಿಡ ಆಪೂಸೇ ಆಗುವ ಭರವಸೆಯಿಲ್ಲ. ಅದಕ್ಕೇ ನಾಟಿ ಮಾವಿನ ಸಸಿಗೆ ಒಳ್ಳೆಯ ಮರದ ಕಡ್ಡಿ ಕೂಡಿಸುವುದು. ಮಿರಗದ ಮಳೆ ಕೂಡಿದ ಮೇಲೆ ನರ್ಸರಿಗಳಲ್ಲಿ ಈ ಕೆಲಸಕ್ಕೆ ಕೈ ಸಾಲುವುದಿಲ್ಲ.

ವಿಧಾನ ಹೇಳಲು ಸುಲಭ. ಆರಿಸಿದ ಮರದಲ್ಲಿ ಪೆನ್ಸಿಲ್ ದಪ್ಪದ ಕಡ್ಡಿಗಳ ಎಲೆಯನ್ನು ವಾರ ಹತ್ತು ದಿನ ಮೊದಲೇ ಚಿವುಟಿ ಬಿಡುತ್ತಾರೆ. ಆಗ ತುದಿಯ ಮೊಗ್ಗು ಉಬ್ಬಿ ಕೂರುತ್ತದೆ. ಆಮೇಲೆ ಆ ಕಡ್ಡಿಯ ಬುಡವನ್ನು ಎರಡೂ ಬದಿ ಇಳಿಜಾರಾಗಿ ಕೊಯ್ದು ಬೆಣೆಯ ಆಕಾರಕ್ಕೆ ತರುತ್ತಾರೆ. ಸಸಿಯ ತಲೆ ತೆಗೆದು, ನಟ್ಟನಡುವೆ ಸೀಳಿ, ಬೆಣೆಯನ್ನು ಅದರೊಳಗೆ ಇಳಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುತ್ತಾರೆ. ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ಕಾಗದದಷ್ಟು ತೆಳ್ಳನೆಯ ಒಂದು ಪದರ ಇದೆ. ಗಿಡ ದಪ್ಪಗಾಗುವುದೇ ಆ ಪದರದಿಂದ. ಕಡ್ಡಿಯ ಪದರ, ಸಸಿಯ ಪದರ ಒಂದು ಬದಿಗಾದರೂ ಒಂದಕ್ಕೊಂದು ಅಂಟಿ ಕೂತರೆ ಮೂರ್ನಾಲ್ಕು ವಾರದಲ್ಲಿ ಚಿಗುರು. ನಡುವೆ ಸಂದು ಬಿದ್ದರೆ ಗಾಳಿ ಹೊಕ್ಕು ಕಡ್ಡಿ ಒಣಗುತ್ತದೆ, ಇಲ್ಲವೇ ನೀರು ಹೊಕ್ಕು ಕೊಳೆಯುತ್ತದೆ.

ಇಷ್ಟೂ ನಿಂತಿರುವುದು ಒಂದೂವರೆ ಇಂಚು ಉದ್ದದ ಒಂದು ಕೊಯ್ತದ ಮೇಲೆ. ಆ ಕೊಯ್ತ ಒಂದೇ ಎಳೆತಕ್ಕೆ ಆಗಬೇಕು. ಎರಡನೇ ಸಲ ಅಲಗು ಹಾಕಿದರೆ ಮೆಟ್ಟಿಲು ಬೀಳುತ್ತದೆ.

ಹುಡುಗನ ತೊಂದರೆ ಏನೆಂದರೆ, ಅವನ ಕಸಿ ಹಿಡಿಯುವುದು ಕಡಿಮೆ. ನೂರು ಕಟ್ಟಿದರೆ ಅರವತ್ತು ಚಿಗುರುತ್ತವೆ. ಅದೇ ಸಾಲಿನಲ್ಲಿ ಕೂತವರಿಗೆ ಎಪ್ಪತ್ತೈದು, ಎಂಬತ್ತು. "ಅವನ ಕೈಗುಣ ಚಲೋ ಇಲ್ಲ" ಎಂದು ನರ್ಸರಿಯಲ್ಲಿ ಮಾತಾಗಿದೆ. ನಮ್ಮಲ್ಲಿ ಸೂಲಗಿತ್ತಿಗೆ, ನಾಟಿ ವೈದ್ಯರಿಗೆ, ಬೀಜ ಬಿತ್ತುವವರಿಗೆ, ಕಸಿ ಕಟ್ಟುವವರಿಗೆ ಕೈಗುಣ ಎಂಬುದೊಂದು ಇರುತ್ತದೆ. ಅದಿಲ್ಲ ಎಂದು ಒಮ್ಮೆ ಹೆಸರು ಬಂದರೆ ತೊಳೆದರೂ ಹೋಗುವುದಿಲ್ಲ. ಒಳ್ಳೆಯ ಚಾಕು ತಗೊಂಡರೆ ಹೆಸರು ತಿರುಗೀತು ಎಂದು ಅವನ ಆಸೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಸದ್ಯ, ಬಾಯಿಬಿಟ್ಟು ಹೇಳಲಿಲ್ಲ.

ಎರಡು ಚಾಕುಗಳ ನಡುವೆ ಆರಿಸುವಾಗ ನಾನು ಮೊದಲು ಕೇಳುವುದು ಇದನ್ನು ಯಾರಿಗಾಗಿ ಮಾಡಿದರು ಎಂದು. ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಊರಲ್ಲಿ ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಚಾಕು ಮಾಡುವ ಕಾರ್ಖಾನೆ ಹಾಕಿದ. ಕೆಲವು ವರ್ಷಗಳ ಮೇಲೆ ಆ ದೇಶದ ಸೈನ್ಯಕ್ಕೆ ಹೊಸ ಬಂದೂಕು ಬಂತು. ಅದನ್ನು ಬಿಚ್ಚಲು ಸ್ಕ್ರೂಡ್ರೈವರು ಬೇಕು, ಊಟದ ಡಬ್ಬಿ ತೆಗೆಯಲು ಕೊಕ್ಕೆ ಬೇಕು. ಎರಡನ್ನೂ ಸಿಪಾಯಿಯ ಜೇಬಿಗೆ ಹಾಕಿದ್ದೇ ಸೈನ್ಯದ ಚಾಕು. ಮೊದಲ ಕಂತು ಜರ್ಮನಿಯ ಜೋಲಿಂಗನ್ನಿನಲ್ಲಿ ತಯಾರಾಯಿತು. 1891ರಿಂದ ಎಲ್ಸೆನರನೇ ಕೊಡತೊಡಗಿದ. ಈಗ ನಾವು ನೋಡುವ ಕೆಂಪು ಚಾಕುವಿನ ಮೂಲ ಅವನು 1897ರಲ್ಲಿ ಅಧಿಕಾರಿಗಳಿಗೆಂದು ಮಾಡಿದ ಹಗುರ ಮಾದರಿ. ಅವನ ತಾಯಿಯ ಹೆಸರು ವಿಕ್ಟೋರಿಯಾ. ಅದಕ್ಕೆ ತುಕ್ಕು ಹಿಡಿಯದ ಉಕ್ಕಿನ ಫ್ರೆಂಚ್ ಹೆಸರಿನ ತುಂಡಾದ ಇನಾಕ್ಸ್ ಸೇರಿ 1921ರಲ್ಲಿ ಕಂಪನಿಗೆ ಈ ಹೆಸರು ಬಂತು. ಅಂದರೆ ಈ ಚಾಕು ಏನು ಬೇಕಾದೀತು ಎಂದು ಮೊದಲೇ ಗೊತ್ತಿಲ್ಲದವನಿಗೆ ಮಾಡಿದ್ದು. ಪ್ರವಾಸ ಹೋಗುವವ, ಬೈಕು ರಿಪೇರಿ ಮಾಡುವವ, ನನ್ನಂಥವ.

ಟೀನಾ ಚಾಕು ಜರ್ಮನಿಯ ರಾಯ್ಟ್ಲಿಂಗನ್ ಊರಿನದು. ಆ ಮನೆತನದ ಕಸುಬು 1854ರಿಂದ ನಡೆದಿದೆ. ತೋಟಗಾರರ ಚಾಕುವಿಗೇ ಹೆಸರಾದವರು. ಏನು ಮಾಡಬೇಕು ಎಂದು ಬೆಳಿಗ್ಗೆ ಏಳುವಾಗಲೇ ಗೊತ್ತಿರುವವನಿಗೆ, ಅದನ್ನೇ ದಿನಕ್ಕೆ ಇನ್ನೂರು ಸಲ ಮಾಡುವವನಿಗೆ ಮಾಡಿದ ಸಾಮಾನು ಅದು.

ಇಲ್ಲಿಗೇ ತೀರ್ಮಾನ ಆಗಬಹುದಿತ್ತು. ಆದರೆ ಹುಡುಗನಿಗೆ ಕೆಂಪು ಚಾಕುವಿನ ಮೇಲೆ ಮನಸ್ಸು. "ಅದರಾಗೂ ಅಲಗು ಐತಲ್ರಿ, ಮ್ಯಾಲೆ ಕತ್ತರಿ ಬ್ಯಾರೆ" ಎಂದು ಅವನ ವಾದ. ನನ್ನ ಹತ್ತಿರ ಅಂಥದ್ದೇ ಒಂದಿದೆ, ಪರದೇಶದಿಂದ ಬಂದ ನೆಂಟರು ಕೊಟ್ಟದ್ದು. ಅವತ್ತು ಸಂಜೆ ಅದನ್ನೂ, ಒಂದು ಹಿಡಿ ಮಾವಿನ ಕಡ್ಡಿಯನ್ನೂ ತೆಗೆದುಕೊಂಡು ಓಣಿಯ ಅಜ್ಜನೊಬ್ಬರ ಪಡಸಾಲೆಗೆ ಹೋದೆವು. ಅಜ್ಜ ಒಂದು ಕಾಲಕ್ಕೆ ಹಾನಗಲ್ಲ ಸೀಮೆಯ ತೋಪುಗಳಲ್ಲಿ ಕಸಿ ಕಟ್ಟಿದವರು. ಅವರ ಹಳೆಯ ಕಸಿಚಾಕು ಇನ್ನೂ ಗೂಟದ ಮೇಲಿನ ಚೀಲದಲ್ಲಿದೆ. ಹಿಡಿ ಸವೆದು ಬೆರಳಿನ ಗುರುತು ಬಿದ್ದಿದೆ.

ಎರಡು ಅಲಗುಗಳನ್ನು ಬಲ್ಬಿನ ಕೆಳಗೆ ಪಕ್ಕಪಕ್ಕ ಹಿಡಿದರೆ ಭೇದ ಕಣ್ಣಿಗೇ ಕಾಣುತ್ತದೆ. ಕೆಂಪು ಚಾಕುವಿನ ಬಾಯಿ ಎರಡೂ ಕಡೆಯಿಂದ ಸಾಣೆ ಹಿಡಿದದ್ದು. ಮುಂದಿನಿಂದ ನೋಡಿದರೆ ಇಂಗ್ಲಿಷಿನ ವಿ ಅಕ್ಷರ. ಅಡುಗೆಮನೆಯ ಚಾಕುವೂ ಹೀಗೇ. ಕಸಿಚಾಕುವಿನಲ್ಲಿ ಒಂದು ಮೈ ಪೂರಾ ಸಪಾಟು, ಗಾಜಿನ ಮೇಲಿಟ್ಟರೆ ಅಲ್ಲಾಡುವುದಿಲ್ಲ. ಸಾಣೆ ಇರುವುದು ಇನ್ನೊಂದು ಮೈಗೆ ಮಾತ್ರ. ಬಡಿಗೇರನ ಉಳಿ ನೋಡಿದವರಿಗೆ ಇದು ಹೊಸದಲ್ಲ. ಉಳಿಯ ಸಪಾಟು ಮೈ ಉಳಿಯಬೇಕಾದ ಕಟ್ಟಿಗೆಗೆ ಒರಗುತ್ತದೆ, ಇಳಿಜಾರು ಮೈ ಹಾರಿಹೋಗುವ ಚಕ್ಕೆಯ ಕಡೆಗಿರುತ್ತದೆ. ಹಾಗಾಗಿ ಕೊಯ್ತ ಗೆರೆ ಎಳೆದ ಹಾಗೆ ನೆಟ್ಟಗೆ ಬರುತ್ತದೆ. ಎರಡೂ ಕಡೆ ಸಾಣೆಯಿದ್ದರೆ ಅಲಗು ಕಟ್ಟಿಗೆಯ ಮೇಲೆ ಒರಗಲು ಸಪಾಟು ಜಾಗವೇ ಇಲ್ಲ. ಅದು ಒಳಕ್ಕೆ ಹೊಕ್ಕು ಹೊರಕ್ಕೆ ಎದ್ದು ಬರುತ್ತದೆ, ಕೊಯ್ತ ಬಟ್ಟಲಿನ ಹಾಗೆ ತಗ್ಗಾಗುತ್ತದೆ. ಪಳಗಿದ ಕೈ ಯಾವ ಚಾಕುವಿನಿಂದಲೂ ಕಸಿ ಕಟ್ಟೀತು, ನಿಜ. ನಮ್ಮ ಕಡೆ ಅರ್ಧ ಶೇವಿಂಗ್ ಬ್ಲೇಡಿನಲ್ಲೇ ಸೀಜನ್ ಮುಗಿಸುವವರಿದ್ದಾರೆ. ಬ್ಲೇಡು ಹರಿತವೇನೋ ಹೌದು. ಆದರೆ ತೆಳ್ಳಗಿರುವುದರಿಂದ ಗಟ್ಟಿ ಕಡ್ಡಿ ಸಿಕ್ಕಾಗ ಬಾಗುತ್ತದೆ, ಅದರ ಜೊತೆ ಕೊಯ್ತವೂ ಬಾಗುತ್ತದೆ.

ಪರೀಕ್ಷೆ ಮಾಡೋಣ ಎಂದು ಕೂತೆವು. ಒಂದೇ ದಪ್ಪದ ಎರಡು ಕಡ್ಡಿ ಓರೆಯಾಗಿ ಕೊಯ್ದು, ಕೊಯ್ದ ಮುಖ ಎರಡನ್ನೂ ಜೋಡಿಸಿ ಬಲ್ಬಿಗೆ ಹಿಡಿಯುವುದು. ನಡುವೆ ಬೆಳಕು ಕಂಡರೆ ಸಂದು ಇದೆ ಎಂದರ್ಥ. ಕೆಂಪು ಚಾಕುವಿನಲ್ಲಿ ನಾನು ಕೊಯ್ದ ಜೋಡಿಯ ನಡುವೆ ಅಕ್ಕಿಕಾಳು ತೂರುವಷ್ಟು ಬೆಳಕು ಬಂತು. ಹುಡುಗನದು ನನಗಿಂತ ವಾಸಿ. ಆಮೇಲೆ ಅಜ್ಜನ ಚಾಕು. ಜೀವಮಾನದಲ್ಲಿ ಹತ್ತು ಕಸಿ ಕಟ್ಟದ ನಾನು ಎಳೆದ ಕೊಯ್ತ ಎರಡೂ ಕೂಡಿದವು, ಗೆರೆಯಷ್ಟೂ ಬೆಳಕಿಲ್ಲ. ಎರಡು ಸೀಜನ್ ಕಸಿ ಕಟ್ಟಿದ ಹುಡುಗ ಎಳೆದದ್ದು ಮಾತ್ರ ಕೂಡಲಿಲ್ಲ. ಮತ್ತೊಂದು ಕಡ್ಡಿ ತೆಗೆದುಕೊಂಡ. ಅದೂ ಕೂಡಲಿಲ್ಲ, ಮಧ್ಯೆ ಹೊಂಡ. ಅವನ ಕಿವಿ ಕೆಂಪಾದವು.

ಅಜ್ಜ ತಂಬಾಕು ತಿಕ್ಕುತ್ತ ಸುಮ್ಮನೆ ನೋಡುತ್ತಿದ್ದರು. ಕೊನೆಗೆ ಹೇಳಿದರು: "ತಮ್ಮಾ, ನೀ ರೊಡ್ಡ ಅಲ್ಲೇನು?"

ಹೌದು, ಹುಡುಗ ಎಡಚ. ಉಣ್ಣುವುದೊಂದು ಬಲಗೈಲಿ, ಅದೂ ಸಣ್ಣವನಿದ್ದಾಗ ಅವನ ಅಜ್ಜಿ ಹೊಡೆದು ಕಲಿಸಿದ್ದು. ಉಳಿದದ್ದೆಲ್ಲ ಎಡಗೈ.

"ಅದು ಬಲಗೈ ಚಾಕು. ನಿನ್ನ ಕೈಯಾಗ ಅದು ತಿರುವು ಮುರುವು ಆಗತೈತಿ."

ಒಂದೇ ಕಡೆ ಸಾಣೆಯಿರುವ ಸಾಮಾನಿಗೆ ಎಡ ಬಲ ಇರುತ್ತದೆ. ಬಲಗೈಯವನು ಎಳೆದಾಗ ಕಡ್ಡಿಗೆ ಒರಗುವ ಸಪಾಟು ಮೈ ಎಡಗೈಗೆ ಬಂದಾಗ ಹೊರಗಡೆಗೆ ಹೊರಳುತ್ತದೆ. ಈಗ ಇಳಿಜಾರು ಮೈ ಕಡ್ಡಿಯ ಮೇಲೆ ಕೂತು ಅಲಗನ್ನು ಹೊರಕ್ಕೆ ತಳ್ಳುತ್ತದೆ. ಜಾರಿತೆಂದು ಒತ್ತಿದರೆ ಹೊಂಡ ಬೀಳುತ್ತದೆ. ನರ್ಸರಿಯಲ್ಲಿ ಹುಡುಗನ ಕೈಗೆ ಕೊಟ್ಟ ಚಾಕುವೂ ಬಲಗೈಯದೇ. ಎರಡು ಸೀಜನ್ ಅವನು ಕಟ್ಟಿದ್ದು ಹಾಗೆ. ಕೈಗುಣ ಚಲೋ ಇಲ್ಲ ಎಂಬ ಮಾತಿಗೆ ಕಾರಣ ಅಲಗಿನ ಯಾವ ಮೈಗೆ ಸಾಣೆ ಹಿಡಿದಿದೆ ಎಂಬಷ್ಟೇ ಆಗಿತ್ತು. ನೆಲ ನಿಜಕ್ಕೂ ಡೊಂಕಿತ್ತು.

ಮೊಬೈಲ್ ತೆಗೆದು ನೋಡಿದೆವು. ಅವನು ಆರಿಸಿಟ್ಟ 5,400 ರೂಪಾಯಿಯ ಜರ್ಮನ್ ಚಾಕುವೂ ಬಲಗೈಯದು! ಮಾರುವವರು ಅದನ್ನು ಎಲ್ಲೂ ಹೇಳಿರಲಿಲ್ಲ. ಚಿತ್ರ ದೊಡ್ಡದು ಮಾಡಿ, ಸಾಣೆಯ ಗೆರೆ ಯಾವ ಮೈಗಿದೆ ಎಂದು ಹುಡುಕಿದ ಮೇಲೆ ಗೊತ್ತಾಯಿತು. ಕೊಂಡಿದ್ದರೆ ಆರು ಸಾವಿರದಲ್ಲಿ ಅವನ ಹಳೆಯ ತೊಂದರೆಯೇ ಹೊಸ ಹಿಡಿ ಹಾಕಿಸಿಕೊಂಡು ಮನೆಗೆ ಬರುತ್ತಿತ್ತು.

ಅದೇ ಕಂಪನಿ ಎಡಗೈಗೂ ಮಾಡುತ್ತದೆ. ಹುಡುಕಿದಾಗ ಸಿಕ್ಕಿತು, ಬೆಲೆ 5,900.

ಈಗ ಲೆಕ್ಕ. ಹಿಡಿದ ಗಿಡಕ್ಕೆ ಅವನಿಗೆ 5 ರೂಪಾಯಿ ಕೂಲಿ, ಸತ್ತದ್ದಕ್ಕೆ ಏನೂ ಇಲ್ಲ. ನೂರಕ್ಕೆ ಅರವತ್ತರ ಬದಲು ಎಪ್ಪತ್ತೈದು ಹಿಡಿದರೆ ನೂರು ಕಸಿಗೆ 75 ರೂಪಾಯಿ ಹೆಚ್ಚು. 6,000 ಹುಟ್ಟಬೇಕಾದರೆ ಎಂಟು ಸಾವಿರ ಕಸಿ. ದಿನಕ್ಕೆ ಇನ್ನೂರರಂತೆ ನಲವತ್ತು ದಿನ. ಒಂದು ಮಳೆಗಾಲ ಸಾಕು. ಕಸಿ ಹಿಡಿಯುವುದು ಚಾಕುವೊಂದರಿಂದಲೇ ಅಲ್ಲ, ಕಡ್ಡಿಯ ಹದ, ಕಟ್ಟಿನ ಬಿಗಿ, ಮಳೆ ಬಿಸಿಲು ಎಲ್ಲ ಸೇರುತ್ತವೆ. ಆದ್ದರಿಂದ ಈ ಲೆಕ್ಕ ಕಲ್ಲಿನ ಮೇಲೆ ಬರೆದದ್ದಲ್ಲ. ಆದರೂ ಕೆಂಪು ಚಾಕುವಿಗೆ ಇಂಥ ಲೆಕ್ಕ ಹಾಕಲು ಹೋದರೆ ಒಂದು ಸಾಲೂ ಬರೆಯಲಾಗುವುದಿಲ್ಲ. ಅದರ ಕತ್ತರಿ ಎಷ್ಟು ದುಡಿದು ಕೊಡುತ್ತದೆ?

ಬಲಗೈಯವರು ಇದನ್ನು ಓದುತ್ತಿದ್ದರೆ ನನ್ನ ಸಲಹೆ ಬೇರೆ. ಸ್ವಿಸ್ ಕಂಪನಿ ಕೆಂಪು ಚಾಕುವಲ್ಲದೆ ಕಸಿಚಾಕುವನ್ನೂ ಮಾಡುತ್ತದೆ. ಜರ್ಮನ್ ಚಾಕುವಿಗಿಂತ ಬಹಳ ಅಗ್ಗ. ಕೈ ಬಿಗಿಯಿದ್ದವರು ಅದರಿಂದ ಶುರು ಮಾಡಿದರೆ ತಪ್ಪೇನಿಲ್ಲ. ಎಡಗೈಯವರಿಗೆ ಆರಿಸಲು ಇರುವುದೇ ನಾಲ್ಕಾರು. ಇದ್ದದ್ದಕ್ಕೆ ಹೆಚ್ಚು ಕೊಡಬೇಕು. ಲೋಕವೆಲ್ಲ ಬಲಗೈಯವರಿಗೆ ಮಾಡಿಟ್ಟದ್ದಕ್ಕೆ ಎಡಚರು ಕಟ್ಟುವ ಕಂದಾಯ ಅದು.

ಉಕ್ಕಿನ ಮಾತೂ ಆಡಬೇಕು. ಇದರಲ್ಲಿ ಹುಡುಗನಿಗಿಂತ ಅವನ ಅಪ್ಪನಿಗೆ, ಅಂದರೆ ನನ್ನ ಅಣ್ಣನಿಗೆ, ಹೆಚ್ಚು ಅನುಮಾನ. "ಐದು ಸಾವಿರ ಕೊಟ್ಟು ತುಕ್ಕು ಹಿಡಿಯೋ ಚಾಕು ತರತಾರೇನು?" ಎಂದ. ತುಕ್ಕು ಹಿಡಿಯದ ಉಕ್ಕು ಅಂದರೆ ಕನಿಷ್ಠ ನೂರಕ್ಕೆ ಹತ್ತೂವರೆ ಭಾಗ ಕ್ರೋಮಿಯಂ ಬೆರೆತದ್ದು. ಗಾಳಿ ತಾಗಿದೊಡನೆ ಆ ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಪೊರೆಯೊಂದನ್ನು ಕಟ್ಟಿಕೊಂಡು ಕಬ್ಬಿಣವನ್ನು ಕಾಯುತ್ತದೆ. ಕೆಂಪು ಚಾಕುವಿನ ಅಲಗು ಅಂಥದ್ದು. ರಾಕ್‌ವೆಲ್ ಅಳತೆಯಲ್ಲಿ ಸುಮಾರು 56ರಷ್ಟು ಗಡಸು. ಬಳಕೆಗೆ ಸಾಕಷ್ಟು ಗಟ್ಟಿ, ಬಿದ್ದರೆ ಚಕ್ಕೆ ಏಳುವಷ್ಟು ಪೆಡಸಲ್ಲ. ಜರ್ಮನ್ ಕಸಿಚಾಕು ಬಡಿದು ಮಾಡಿದ ಇಂಗಾಲದ ಉಕ್ಕು. ನಮ್ಮ ಕಂಬಾರ ಕುಡಗೋಲಿಗೆ ಹಾಕುವ ಉಕ್ಕಿನ ದೊಡ್ಡಮನೆ ನೆಂಟ ಎನ್ನಬಹುದು. ಬಾಯಿ ಬಹಳ ತೆಳ್ಳಗೆ ಬರುತ್ತದೆ, ಕಲ್ಲಿಗೆ ನಾಲ್ಕು ಸಲ ತಿಕ್ಕಿದರೆ ಮತ್ತೆ ಹರಿತ. ಆದರೆ ಒದ್ದೆ ಇಟ್ಟರೆ ಬೆಳಗಾಗುವುದರೊಳಗೆ ಕೆಂಪು ಚುಕ್ಕೆ.

ಮಾವಿನ ಕಡ್ಡಿ ಕೊಯ್ದರೆ ಇನ್ನೊಂದು ನೋಡಬಹುದು. ಹತ್ತು ನಿಮಿಷದಲ್ಲಿ ಅಲಗಿನ ಮೇಲೆ ನೀಲಿಗಪ್ಪು ಕಲೆ. ಅಣ್ಣ ಅದನ್ನೇ ತುಕ್ಕು ಎಂದು ತಿಳಿದಿದ್ದ. ಅದು ಮಾವಿನ ಒಗರು ಕಬ್ಬಿಣದ ಜೊತೆ ಕೂಡಿ ಆದ ಮಸಿ. ಅಳಲೆಕಾಯಿ ರಸಕ್ಕೆ ಕಬ್ಬಿಣ ಹಾಕಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಬಗೆಯಿಂದ. ಹಸಿ ಅಡಿಕೆ ಕೊಯ್ದವರ ಕತ್ತಿಯೂ ಹೀಗೇ ಕಪ್ಪಾಗಿರುತ್ತದೆ. ಅದರಿಂದ ಅಲಗಿಗೆ ಕೇಡಿಲ್ಲ. ಕೇಡು ಸೊನೆಯಿಂದ. ಅದು ಒಣಗಿ ಅಂಟಾಗಿ ಕೂತರೆ ಕೊಯ್ತ ತಡೆದು ತಡೆದು ಬರುತ್ತದೆ. ಇಪ್ಪತ್ತು ಮೂವತ್ತು ಕಸಿಗೊಮ್ಮೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಒಂದು ಗಿಡದ ರೋಗ ಇನ್ನೊಂದಕ್ಕೆ ದಾಟುವುದೂ ಕಡಿಮೆಯಾಗುತ್ತದೆ. ರಾತ್ರಿ ಒರೆಸಿ ಒಣಗಿಸಿ ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ. ಮನೆಯಲ್ಲಿದೆ ಎಂದು ಕುಸುಬಿ ಎಣ್ಣೆ ಹಚ್ಚಬೇಡಿ, ಅದು ಒಣಗಿ ಬೆಲ್ಲದ ಪಾಕದ ಹಾಗೆ ಹಿಡಿಯುತ್ತದೆ. ನಾನು ಹಚ್ಚಿ ಕೆಡಿಸಿದ್ದೇನೆ.

ಬೆಲೆಬಾಳುವ ಚಾಕು ಕೊಳ್ಳುವವರು ಮರೆಯುವುದು ಕಲ್ಲನ್ನು. ಮಸೆಯುವ ಕಲ್ಲಿಗೆ ಹಣ ತೆಗೆದಿಡದೆ ಚಾಕು ಕೊಂಡರೆ ಎರಡೇ ತಿಂಗಳಿಗೆ ಐದು ಸಾವಿರದ್ದೂ ಐವತ್ತರದ್ದೂ ಒಂದೇ. ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಮುಖ ಉರುಟು, ಇನ್ನೊಂದು ಮುಖ ನುಣುಪು ಇರುವ ಕಲ್ಲು ನಮಗೆ 350 ರೂಪಾಯಿಗೆ ಸಿಕ್ಕಿತು. ಬೀದಿಯಲ್ಲಿ ಸೈಕಲ್ ತುಳಿಯುತ್ತ ಬರುವ ಸಾಣೆಯವರಿಗೆ ಮಾತ್ರ ಕಸಿಚಾಕು ಕೊಡಬೇಡಿ. ಅವರದು ಒಳ್ಳೆಯ ಕಸುಬು, ಕತ್ತರಿಗೆ ಈಳಿಗೆಗೆ ಸರಿ. ಆದರೆ ತಿರುಗುವ ಚಕ್ರಕ್ಕೆ ಎರಡೂ ಮೈ ಒತ್ತಿದರೆ ಸಪಾಟು ಮೈ ಹೋಯಿತು, ಅಲಗು ಕಾಯ್ದು ಉಕ್ಕಿನ ಹದವೂ ಹೋಯಿತು. ಮನೆಯಲ್ಲೇ ಮಸೆಯಬೇಕು, ಸಾಣೆ ಇರುವ ಮೈಯನ್ನು ಮಾತ್ರ, ಮೊದಲಿನ ಇಳಿಜಾರಿಗೆ ಸರಿಯಾಗಿ. ತಿಕ್ಕುತ್ತ ಹೋದಂತೆ ಇನ್ನೊಂದು ಬದಿಯ ಅಂಚಿಗೆ ಕೂದಲೆಳೆಯಂಥ ಚೂರು ಏಳುತ್ತದೆ, ಬೆರಳಿಗೆ ತಾಗುತ್ತದೆ. ಆಗ ಸಪಾಟು ಮೈಯನ್ನು ಕಲ್ಲಿಗೆ ಪೂರಾ ಮಲಗಿಸಿ ಒಂದೆರಡು ಸಲ ಎಳೆದರೆ ಅದು ಬಿದ್ದುಹೋಗುತ್ತದೆ. ಕೊನೆಗೆ ತೊಗಲ ಪಟ್ಟಿ. ನಮ್ಮೂರ ಕ್ಷೌರದಂಗಡಿಯಲ್ಲಿ ಒಂದು ಹಳೆಯ ಪಟ್ಟಿ ಮೊಳೆಗೆ ನೇತುಬಿದ್ದಿತ್ತು. ಈಗ ಎಲ್ಲರೂ ಬ್ಲೇಡು ಹಾಕುವ ಕತ್ತಿ ಹಿಡಿದಿರುವುದರಿಂದ ಅದಕ್ಕೆ ಕೆಲಸವಿರಲಿಲ್ಲ. ಕೇಳಿದ್ದಕ್ಕೆ ಪುಕ್ಕಟೆ ಕೊಟ್ಟರು.

ಜೇಬಿನಲ್ಲಿ ಚಾಕು ಇಟ್ಟುಕೊಂಡು ಬಸ್ಸು ಹತ್ತಿದರೆ ಪೊಲೀಸರು ಹಿಡಿಯುತ್ತಾರೆಯೇ ಎಂದು ಅತ್ತಿಗೆ ಕೇಳಿದಳು. 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಎಣಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು. ಅದರಲ್ಲೂ ಮನೆಗೆಲಸಕ್ಕೆ, ಒಕ್ಕಲುತನಕ್ಕೆ ಎಂದೇ ಮಾಡಿದವನ್ನು ಬಿಟ್ಟಿದ್ದಾರೆ. ಕಸಿಚಾಕುವಿನ ಅಲಗು ಅಂಗೈಯಷ್ಟೂ ಇಲ್ಲ. ಆದರೂ ಜಾತ್ರೆ, ಸಭೆಗೆ ಹೋಗುವಾಗ ಮನೆಯಲ್ಲಿಡುವುದು ಲೇಸು. ಹುಬ್ಬಳ್ಳಿಯಲ್ಲಿ ವಿಮಾನ ಹತ್ತುವುದಾದರೆ ಕೈಚೀಲದಲ್ಲಿ ಬೇಡವೇ ಬೇಡ. "ಇವ ವಿಮಾನ ಹತ್ತೂದು ಯಾವಾಗ" ಎಂದು ಅತ್ತಿಗೆ ನಕ್ಕಳು.

ಎಡಗೈ ಚಾಕು 5,900, ಕಲ್ಲು 350. ಕೂಡಿದರೆ 6,250. ಇದ್ದದ್ದು ಆರು ಸಾವಿರ. ಉಳಿದ 250ನ್ನು ನಾನು ಕೊಡುತ್ತೇನೆ ಎಂದೆ, ಹುಡುಗ ಒಲ್ಲೆ ಎಂದ. ಒಂದು ದಿನ ಪಕ್ಕದ ಹೊಲಕ್ಕೆ ಕಳೆ ತೆಗೆಯಲು ಹೋಗಿ ಬಂದು ಮರುದಿನ ಆರ್ಡರು ಹಾಕಿದ.

ಪಾರ್ಸಲ್ ಹನ್ನೊಂದನೇ ದಿನ ಬಂತು. ಮೂರು ಸುತ್ತು ಟೇಪು ಸುತ್ತಿದ್ದರು. ಹುಡುಗ ಹಲ್ಲು ಹಾಕಿದ, ಉಗುರು ಹಾಕಿದ, ಹರಿಯಲಿಲ್ಲ. ನನ್ನ ಜೇಬಿನಿಂದ ಕೆಂಪು ಚಾಕು ತೆಗೆದು ಕೊಟ್ಟೆ. ಟೇಪು ಕೊಯ್ದು ಅದನ್ನು ಮಡಚಿ ಹಿಂದಿರುಗಿಸುವಾಗ ಅವನು ಕತ್ತರಿಯನ್ನೊಮ್ಮೆ ಹೊರಗೆಳೆದು, ಎರಡು ಸಲ ಗಾಳಿಯಲ್ಲಿ ಆಡಿಸಿ ನೋಡಿ, ಮತ್ತೆ ಒಳಗೆ ತಳ್ಳಿದ.